ಬಖೀತನ ಚಕ್ರ

ನಾಲ್ಕನೆಯ ಚಕ್ರದ ಸಂಖ್ಯೆ ಕಂಡ ಮೇಲೆ ಮುಸಲ್ಲಮ್ ಕೂಡಲೇ ಮೇಲೇಳಲಿಲ್ಲ. ಕುಕ್ಕರಗಾಲಲ್ಲೇ ಕೂತು, ಕೈಯಲ್ಲಿದ್ದ ಯಂತ್ರವನ್ನು ಇನ್ನೊಮ್ಮೆ ವಾಲ್ವಿನ ಪಕ್ಕ ಹಿಡಿದ. ಮತ್ತೆ ಅದೇ ಸಂಖ್ಯೆ.

ಹತ್ತು ನಿಮಿಷದ ಹಿಂದೆ ಇದೊಂದು ಮಾಮೂಲಿ ಕೆಲಸವಾಗಿತ್ತು. ಮರಳುಗಾಡಿನ ಥುಮ್ರೈತ್ ಹೆದ್ದಾರಿ ಬದಿಯ ಅವನ ಟೈರ್ ಅಂಗಡಿಯ ಮುಂದೆ ಬಿಳಿ ಪಿಕಪ್ ಒಂದು ಬಂದು ನಿಂತಿತ್ತು. ಇಳಿದವನು ಘಾನಿಮ್ ಎಂಬ ಒಂಟೆ ಸಾಕುವವನು. ಮೂವತ್ತೈದರ ಪ್ರಾಯ, ಹಿಂದೆಂದೂ ಕಂಡ ಮುಖವಲ್ಲ.

"ಟೈರಲ್ಲಿ ಗಾಳಿ ಕಮ್ಮಿ ಅಂತ ದೀಪ ಹತ್ತಿದೆ ಅಣ್ಣ. ಮೂರು ಕಡೆ ಗಾಳಿ ಹಾಕಿಸ್ದೆ. ಆರೋದೇ ಇಲ್ಲ."

"ಸುಮ್ನೆ ಉರೀತಿರುತ್ತೋ, ಮೊದ್ಲು ಮಿಣುಕುತ್ತೋ?"

"ಗಾಡಿ ಶುರು ಮಾಡಿದಾಗ ಒಂದು ನಿಮಿಷ ಮಿಣುಕುತ್ತೆ. ಆಮೇಲೆ ಉರೀತಾ ಕೂತಿರುತ್ತೆ."

"ಹಾಗಾದ್ರೆ ಗಾಳಿಯ ತಂಟೆ ಅಲ್ಲ ಬಿಡು. ಯಾವುದೋ ಚಕ್ರದ ಮಾತು ಗಾಡಿಗೆ ಕೇಳಿಸ್ತಿಲ್ಲ."

ಪ್ರತಿ ಚಕ್ರದೊಳಗೂ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್. ಪ್ರತಿ ಸೆನ್ಸರಿಗೂ ಅದರದೇ ಸಂಖ್ಯೆ. ಗಾಡಿ ತನ್ನ ಸಂಖ್ಯೆಗಳನ್ನಷ್ಟೇ ಗುರುತು ಹಿಡಿಯುತ್ತದೆ. ಮೂರು ಚಕ್ರ ಸರಿಯಿದ್ದವು. ಮುಂದಿನ ಬಲಚಕ್ರ ಬೇರೊಂದು ಗಾಡಿಯದು.

ಆ ಗಾಡಿ ಯಾರದೆಂದು ಮುಸಲ್ಲಮನಿಗೆ ಗೊತ್ತಿತ್ತು. ಸಂಖ್ಯೆಯ ಕೊನೆಗೆ 1987. ಸೆನ್ಸರ್ ಕೂರಿಸಿದ ದಿನ ಅವನ ತಮ್ಮ ಬಖೀತ್, "ನೋಡಣ್ಣ, ನಾನು ಹುಟ್ಟಿದ ವರ್ಷ" ಎಂದು ನಕ್ಕಿದ್ದ. ಆದರೂ ಮುಸಲ್ಲಮ್ ಒಳಗೆ ಹೋಗಿ, ಎಣ್ಣೆ ಹತ್ತಿದ ಹಳೆಯ ಪುಸ್ತಕ ಬಿಡಿಸಿದ. ಬಖೀತನ ಹೆಸರಿನ ಕೆಳಗೆ ಐದು ಸಂಖ್ಯೆ. ಐದನೆಯದು ಇದೇ.

ಎರಡು ವರ್ಷದ ಹಿಂದೆ ಬಖೀತ್ ಪಿಕಪ್ ಸಮೇತ ಮರಳುಗಾಡಿನಲ್ಲಿ ಕಾಣೆಯಾಗಿದ್ದ. ಅವನು ಪಶ್ಚಿಮದ ದಾರಿ ಹಿಡಿದದ್ದನ್ನು ಕೊನೆಯದಾಗಿ ಕಂಡೆನೆಂದು ಹೇಳಿದವನು ಮುಸಲ್ಲಮ್. ಪೊಲೀಸರು, ಬುಡಕಟ್ಟಿನವರು ಸೇರಿ ಹದಿನೆಂಟು ದಿನ ಪಶ್ಚಿಮವನ್ನು ಜಾಲಾಡಿದರು. ಒಂದು ನಟ್ಟೂ ಸಿಗಲಿಲ್ಲ. ಅಂದಿನಿಂದ ತಮ್ಮನ ಹೆಂಡತಿ ತುಫೂಲಳ ಮನೆಗೆ ಅಕ್ಕಿ, ಮೀನು ಒಯ್ದುಕೊಡುವವನು ಮುಸಲ್ಲಮನೇ. ಗಂಡ ಕಾಣೆಯಾಗಿ ನಾಲ್ಕು ವರ್ಷ ತುಂಬಿದರೆ ಅವಳು ಮದುವೆಯಿಂದ ಬಿಡುಗಡೆ ಕೇಳಬಹುದೆಂದು ಖಾಜಿಯ ಹತ್ತಿರ ವಿಚಾರಿಸಿ ಬಂದವನೂ ಅವನೇ. ತುಫೂಲ್ ಕೇಳಿಸಿಕೊಂಡು ಅಕ್ಕಿಯ ಚೀಲ ಒಳಗೆ ಒಯ್ದಿದ್ದಳು.

ಮುಸಲ್ಲಮ್ ಹೊರಗೆ ಬಂದು ಘಾನಿಮನ ಎದುರು ನಿಂತ.

"ಈ ಚಕ್ರ ಎಲ್ಲಿ ಸಿಕ್ತು ನಿಂಗೆ?"

ಘಾನಿಮ್ ಬೇರೆ ಕಡೆ ನೋಡಿದ. "ಮರಳಲ್ಲಿ."

"ಎಲ್ಲಿಯ ಮರಳಲ್ಲಿ?"

"ಹೋದ ವಾರ ಗಾಳಿ ಎದ್ದಿತ್ತಲ್ಲ ಅಣ್ಣ. ಆಮೇಲೆ."

"ಚಕ್ರ ಒಂದೇನಾ? ಬೇರೆ ಏನೂ ಕಾಣ್ಲಿಲ್ವಾ?"

"ನಾನು ಜಾಸ್ತಿ ಕೆದಕೋಕೆ ಹೋಗ್ಲಿಲ್ಲ."

"ಯಾರಿಗಾದ್ರೂ ಹೇಳಿದ್ಯಾ?"

"ಯಾರಿಗೆ ಹೇಳ್ಲಿ, ಒಂಟೆಗಳಿಗಾ?"

ಮಾತು ನಗುವಿನದು, ಮುಖ ನಗುವಿನದಲ್ಲ. ಅವನ ಬೆರಳುಗಳು ಅಂಗಡಿಯಲ್ಲಿ ಕೊಟ್ಟ ಚಹಾದ ಲೋಟದ ಅಂಚನ್ನು ಸವರುತ್ತಲೇ ಇದ್ದವು. ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಮುಸಲ್ಲಮನಿಗೆ ಖಚಿತವಾಯಿತು.

ಫೋನ್ ಬಂತು. ತುಫೂಲ್.

"ಊಟಕ್ಕೆ ಬರ್ತೀರಾ ಭಾವ?"

"ಇಲ್ಲ. ಕೆಲಸ ಇದೆ."

"ಏನಾದ್ರೂ ಸುದ್ದಿ?" ದಿನವೂ ಕೇಳುವ ಪ್ರಶ್ನೆ.

"ಏನೂ ಇಲ್ಲ." ಸಂಖ್ಯೆಯ ವಿಷಯ ಅವನು ಎತ್ತಲಿಲ್ಲ.

ಫೋನ್ ಜೇಬಿಗೆ ಹಾಕಿ ಘಾನಿಮನಿಗೆ ಹೇಳಿದ. "ನಡಿ. ಆ ಜಾಗ ನಾನು ನೋಡ್ಬೇಕು."

"ಈಗ್ಲೇ?"

"ಈಗ್ಲೇ."

ನೀರಿನ ಕ್ಯಾನ್, ಸಲಿಕೆ, ಎರಡು ಹಲಗೆ ಹಿಂದೆ ಹಾಕಿದ. ಚಕ್ರ ಬಿಚ್ಚುವ ಉದ್ದನೆಯ ಕಬ್ಬಿಣವನ್ನು ಮಾತ್ರ ತನ್ನ ಸೀಟಿನ ಕೆಳಗೆ ಇಟ್ಟುಕೊಂಡ. ಘಾನಿಮ್ ಅದನ್ನು ನೋಡಿದ. ಕೀಲಿಕೈ ಚಾಚಿದ.

"ನೀವೇ ಓಡ್ಸಿ ಅಣ್ಣ. ಬೆಳಗ್ಗಿಂದ ಕಣ್ಣು ಉರೀತಿದೆ."

ಡಾಂಬರು ಮುಗಿಯಿತು, ಜಲ್ಲಿ ಮುಗಿಯಿತು. ಮರಳು ಶುರುವಾದಲ್ಲಿ ಮುಸಲ್ಲಮ್ ಇಳಿದು ನಾಲ್ಕೂ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದ. ಬುಸುಗುಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ದೀಪ ಉರಿಯೋಕೆ ಈಗೊಂದು ಕಾರಣ ಸಿಕ್ತು" ಎಂದ ಘಾನಿಮ್. ಮುಸಲ್ಲಮ್ ಗಾಡಿ ಹತ್ತಿದ.

ಆಮೇಲೆ ಘಾನಿಮ್ ಬಾಯಿ ಬಿಡಲಿಲ್ಲ. ರುಮಾಲನ್ನು ಮುಖಕ್ಕೆಳೆದುಕೊಂಡು ಕೂತಿದ್ದ. ನಡುನಡುವೆ ಪಕ್ಕದ ಕನ್ನಡಿ ನೋಡುತ್ತಿದ್ದ. ಮುಸಲ್ಲಮನೂ ನೋಡಿದ. ತೀರ ಹಿಂದೆ ಒಂದು ಎಳೆ ಧೂಳು.

"ಯಾರದು?"

"ಒಂಟೆಯವರು ಇರ್ಬೇಕು."

ಮುಸಲ್ಲಮ್ ಸೀಟಿನ ಕೆಳಗೆ ಕೈಯಾಡಿಸಿ, ಕಬ್ಬಿಣ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡ. ಇಳಿಬಿಸಿಲು ಎಡಗಿಟಕಿಯಿಂದ ಹೊಡೆಯುತ್ತಿತ್ತು. ಒಣಗಿದ ತೊರೆ ದಾಟಿ ಬಲಕ್ಕೆ ಹೊರಳಿದ. ಮೂರು ದಿಬ್ಬಗಳನ್ನು ಬಳಸಿ ಬಿಳಿ ಬಯಲಿಗೆ ಇಳಿದ. ಗಾಳಿ ಎಷ್ಟು ತೆರೆದಿಟ್ಟಿರಬಹುದು? ಏನೇನು ಹೊರಬಿದ್ದಿರಬಹುದು? ಬಯಲಿನ ಕೊನೆಗೆ, ಕುದುರೆಲಾಳದಂತೆ ಬಾಗಿದ ದೊಡ್ಡ ದಿಬ್ಬದ ಬುಡದಲ್ಲಿ ಗಾಡಿ ನಿಲ್ಲಿಸಿ ಧುಮುಕಿದ.

ದಿಬ್ಬ ನುಣ್ಣಗಿತ್ತು. ಒಂದು ಗೀರಿಲ್ಲ, ಒಂದು ಹಳ್ಳವಿಲ್ಲ. ಮರಳು ಮೊದಲಿಗಿಂತ ಎತ್ತರಕ್ಕೆ ಕೂತಿತ್ತು. ಮುಸಲ್ಲಮ್ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. ಆ ಸಂಖ್ಯೆ ಕಂಡಾಗಿನಿಂದ ಮೊದಲ ಬಾರಿಗೆ ಅವನ ಉಸಿರು ಸಡಿಲವಾಯಿತು.

"ಇಲ್ಲೇನೂ ಹೊರಗೆ ಬಂದೇ ಇಲ್ವಲ್ಲೋ" ಎಂದು ತಿರುಗಿದ. "ಚಕ್ರ ಎಲ್ಲಿ ಸಿಕ್ತು ಅಂದೆ?"

ಘಾನಿಮ್ ಗಾಡಿಯಿಂದಿಳಿದು ದೂರ ನಿಂತಿದ್ದ. ಕೀಲಿಕೈ ಅವನ ಮುಷ್ಟಿಯಲ್ಲಿತ್ತು. ಬಿಳಿ ಬಯಲಿನ ಆಚೆ ಧೂಳು ಇಳಿದು, ಪೊಲೀಸ್ ಜೀಪು ನಿಂತಿತ್ತು. ಅದರಿಂದ ಕಪ್ಪು ಅಬಾಯಾದ ಹೆಂಗಸೊಬ್ಬಳು ಇಳಿಯುತ್ತಿದ್ದಳು.

"ನನಗೆ ಈ ಜಾಗ ಗೊತ್ತೇ ಇರ್ಲಿಲ್ಲ ಅಣ್ಣ, ನೀವೇ ಕರ್ಕೊಂಡು ಬಂದ್ರಿ" ಎಂದ ಘಾನಿಮ್. "ಅದು ಬಖೀತ್ ಮನೇಲೇ ಬಿಟ್ಟು ಹೋಗಿದ್ದ ಸ್ಟೆಪ್ನಿ. ತುಫೂಲ್ ತೆಗೆದುಕೊಟ್ಳು."