ಕಲ್ಲಿನ ಹೊದಿಕೆ

"ಹತ್ತು ಎಣಿಸ್ತೀನಿ. ಅಷ್ಟರೊಳಗೆ ಬೆವರು ಬಂತೋ, ನಿನ್ನ ಈ ಕಲ್ಲಿನ ಮೂಟೆ ಬಾವಿಗೆ ಹೋಗುತ್ತೆ, ನೋಡ್ಕೋ," ಎನ್ನುತ್ತ ಅತ್ತೆ ಮಟಮಟ ಮಧ್ಯಾಹ್ನ ಹೊಸ ಹೊದಿಕೆಯ ಕೆಳಗೆ ಕಾಲು ಚಾಚಿದರು. ಮೈಮೇಲೆ ಭಾರವಿಲ್ಲದಿದ್ದರೆ ಅವರ ಕಾಲು ಚಡಪಡಿಸುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕಂಬಳಿ ಹೊದ್ದರೆ ಈ ಬೇಸಿಗೆಯಲ್ಲಿ ಮೈ ಬೇಯುತ್ತದೆ. ಅವರು ನೆಟ್ಟಗೆ ನಿದ್ದೆ ಮಾಡಿ ಹನ್ನೆರಡು ದಿನವಾಗಿತ್ತು.

ಬಟ್ಟೆ ಹೊಲಿಯುವ ಸೊಸೆ ತೆಳು ಹತ್ತಿಯ ಎರಡು ಪದರಗಳ ನಡುವೆ ನೂರೆಂಟು ಪುಟ್ಟ ಜೇಬುಗಳನ್ನು ಮಾಡಿ, ಹೊಳೆಯಿಂದ ಆರಿಸಿ ತಂದು ತೊಳೆದ ನುಣುಪು ಕಲ್ಲುಗಳನ್ನು ನಾಲ್ಕೈದರಂತೆ ತುಂಬಿದ್ದಳು.

"ಒಂದು... ತಣ್ಣಗೇನೋ ಇದೆ. ಎರಡು... ಹೊಲಿಗೆ ಸೊಟ್ಟ. ಮೂರು..."

ಸೊಸೆ ಮಿಷನ್ನಿನಿಂದ ಕಾಲು ತೆಗೆದು ಅತ್ತೆಯ ಪಾದವನ್ನೇ ನೋಡುತ್ತ ಕೂತಳು. ಐದಕ್ಕೆ ಹೆಬ್ಬೆರಳು ಒಮ್ಮೆ ಅಲುಗಿತು. ಆರಕ್ಕೆ ಅಲುಗಲಿಲ್ಲ. "ಏಳು..." ಎಂದ ಬಾಯಿ ತೆರೆದೇ ಉಳಿಯಿತು, ಸಣ್ಣಗೆ ಗೊರಕೆ ಶುರುವಾಯಿತು.

ಜಗಲಿಯಿಂದ ಮಾವ ಇಣುಕಿ ಪಿಸುಗುಟ್ಟಿದರು: "ಎಂಟು ನಾನು ಹೇಳ್ಲೇನಮ್ಮ?"

"ನಿಮ್ಮ ದಮ್ಮಯ್ಯ ಮಾವ, ಉಸಿರೆತ್ಬೇಡಿ," ಎಂದ ಸೊಸೆ, ನಗು ತಡೆಯಲಾರದೆ ಯಾರದೋ ಅರ್ಧ ಹೊಲಿದ ಅಂಗಿಯನ್ನು ಬಾಯಿಗೆ ಒತ್ತಿಕೊಂಡಳು.