ಮೂರನೇ ಕೋಣೆಯ ನೀಲಿ ಚೀಲ

"ನಾವು ಯಾರನ್ನೂ ಕಳಿಸಿಲ್ಲ," ಎಂದಿತು ಫೋನಿನ ಆ ಬದಿಯ ಸಹಾಯವಾಣಿಯ ಧ್ವನಿ.

ವಾರ್ಡನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು, ಆ ಕಿವಿಗಾದರೂ ಬೇರೆ ಉತ್ತರ ಕೇಳಿಸೀತೆಂದು. "ಗುರುವಾರ ನಾಲ್ಕು ಗಂಟೆಗೆ ಒಬ್ಬರು ಬರ್ತಾರೆ, ಕೈಯಲ್ಲಿ ನೀಲಿ ಚೀಲ ಇರುತ್ತೆ ಅಂದಿದ್ರಲ್ಲ?"

"ಅವರು ಅಕ್ಕನ ಮನೆಗೆ ಹೋದ್ರು, ಮೇಡಂ. ನಿಮಗೆ ತಿಳಿಸೋದು ಮರೆತೇಹೋಯ್ತು."

ಹಾಗಾದರೆ ಆರು ದಿನಗಳಿಂದ ಮೂರನೇ ಕೋಣೆಯಲ್ಲಿರುವ ನೀಲಿ ಚೀಲದವಳು ಯಾರು?

ಗಂಡಂದಿರ ಏಟಿನಿಂದ ತಪ್ಪಿಸಿಕೊಂಡು ಬಂದವರಿಗಾಗಿ ಇದ್ದ ಮನೆ ಅದು. ಬೀದಿಯವರಿಗೆ, ಹಾಲಿನವನಿಗೆ, ಅಂಗಡಿಯವರಿಗೆ ಬರೀ ಒಂದು ಮಹಿಳಾ ಹಾಸ್ಟೆಲ್. ನಿಯಮಗಳು ಎರಡೇ. ಬಂದವರು ತಾವಾಗಿ ಬಾಯಿಬಿಡುವವರೆಗೆ ಏನೂ ಕೇಳಬಾರದು. ಮನೆಯ ಗುಟ್ಟು ಬಯಲಾದ ಅನುಮಾನ ಬಂದರೆ ಎರಡು ಗಂಟೆಯೊಳಗೆ ಎಲ್ಲರನ್ನೂ ಬೇರೆಡೆಗೆ ಸಾಗಿಸಬೇಕು. ವಾರ್ಡನ್ ನಿಯಮ ಮುರಿದವರಲ್ಲ. ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬೀದಿಯ ತಿರುವಿನಲ್ಲಿ ನಿಂತು ಯೋಚಿಸಿ, ನಾಲ್ಕನೆಯ ಸಲ ಜಗ್ಗಲು ವಾಪಸ್ ಬರುವವರು.

ಎರಡನೆಯ ನಿಯಮ, ಮಗಳೊಂದಿಗೆ ಇಲ್ಲಿ ಆಶ್ರಯ ಪಡೆದಿದ್ದ ನರ್ಸ್‌ಗೆ ಬಾಯಿಪಾಠ. ಗಂಡ ಪತ್ತೆ ಹಚ್ಚಿದ್ದರಿಂದ ಈಗಾಗಲೇ ಇಂಥ ಎರಡು ಮನೆ ಬಿಟ್ಟು ಬಂದವಳು ಅವಳು. ವಿಷಯ ಕಿವಿಗೆ ಬಿದ್ದದ್ದೇ ಮಗಳ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು.

"ಈ ಶಾಲೇಲಿ ಅವಳಿಗೆ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ಲು," ಎಂದಳು, ಯಾರಿಗೂ ಅಲ್ಲದ ಹಾಗೆ.

ಎಪ್ಪತ್ತನೆಯ ವಯಸ್ಸಿನಲ್ಲಿ 'ಇನ್ನು ಸಾಕು' ಎಂದು ಗಂಡನನ್ನು ಬಿಟ್ಟು ಬಂದು, ಈಗ ಇಲ್ಲಿಯ ಅಡುಗೆಮನೆಯನ್ನು ಆಳುತ್ತಿದ್ದ ಅಜ್ಜಿ ಸೌಟು ಹಿಡಿದೇ ಓಡಿ ಬಂದರು. "ನನಗೆ ಮೊದಲೇ ಗುಮಾನಿ! ಈ ಸೆಕೆಗೆ ಮಣಿಕಟ್ಟಿನ ತನಕ ತೋಳಿರೋ ರವಿಕೆ ಯಾರು ಹಾಕ್ಕೊಳ್ತಾರೆ? ಒಳಗೆ ಕ್ಯಾಮೆರಾ ಇದೆ."

"ತೋಳಿನೊಳಗಾ ಅಜ್ಜಿ?" ನರ್ಸ್ ಕೇಳಿದಳು.

"ಈಗೆಲ್ಲಾ ಸಣ್ಣ ಸಣ್ಣದು ಬಂದಿದೆ. ನಿಂಗೊತ್ತಿಲ್ಲ, ಸುಮ್ನಿರು."

ವಾರ್ಡನ್‌ಗೆ ಒಂದೊಂದೇ ನೆನಪಾಯಿತು. ಗೇಟು ಸದ್ದಾದರೆ ಸಾಕು, ಅವಳು ಕಿಟಕಿಗೆ ಓಡಿ ಅಂಚಿನಿಂದ ಇಣುಕುತ್ತಾಳೆ. ಯಾರನ್ನೋ ಕಾಯುವವಳ ಹಾಗೆ. ಮುಂಬಾಗಿಲ ಚಿಲಕವನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಾಳೆ. ಅದನ್ನು ಕಂಡಾಗ 'ಸದ್ಯ, ನನ್ನಂಥವಳು ಇನ್ನೊಬ್ಬಳಿದ್ದಾಳೆ' ಎಂದು ಅವರಿಗೆ ಖುಷಿಯಾಗಿತ್ತು. ಈಗ ಅವರು ಮೂರನೇ ಕೋಣೆಯತ್ತ ಹೆಜ್ಜೆ ಹಾಕಿದರು, ಹಿಂದೆಯೇ ಉಳಿದಿಬ್ಬರು.

ಮೂರನೇ ಕೋಣೆಯ ಬಾಗಿಲ ಸಂದಿಗೆ ಮೂವರೂ ಕಣ್ಣಿಟ್ಟರು. ಕೆಳಗೆ ಅಜ್ಜಿ, ಅವರ ಮೇಲೆ ನರ್ಸ್, ಎಲ್ಲಕ್ಕಿಂತ ಮೇಲೆ ವಾರ್ಡನ್ನರ ಕನ್ನಡಕ.

ನೀಲಿ ಚೀಲದವಳು ಕುರ್ಚಿಯ ಮೇಲೆ ನಿಂತಿದ್ದಳು. ಕಿಟಕಿಗೆ ಟೇಪು ಹಿಡಿದು ಅಳೆಯುತ್ತಿದ್ದಳು. ಅಳೆದದ್ದನ್ನು ಬರೆದುಕೊಳ್ಳುತ್ತಿದ್ದಳು.

"ನೋಡಿದ್ಯಾ? ನಿನ್ನ ಗಂಡ ಇದರಲ್ಲಿ ತೂರ್ತಾನಾ ಅಂತ ಅಳತೆ ತಗೊಳ್ತಿದಾಳೆ," ಅಜ್ಜಿ ಪಿಸುಗುಟ್ಟಿದರು.

"ನನ್ನ ಗಂಡ ಬಾಗಿಲಲ್ಲೇ ಪಕ್ಕಕ್ಕೆ ತಿರುಗಿ ಬರ್ಬೇಕು ಅಜ್ಜಿ. ಕಿಟಕಿ ಆಗದ ಮಾತು."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಒರಗಿದರು. ಬಾಗಿಲು ತೆರೆದುಕೊಂಡಿತು. ಮೂವರೂ ಒಬ್ಬರ ಮೇಲೊಬ್ಬರು ಒಳಕ್ಕೆ ಬಿದ್ದರು, ಸೌಟು ಠಣ್ಣೆಂದು ಮಂಚದಡಿಗೆ ಹೋಯಿತು. ನೀಲಿ ಚೀಲದವಳು ಕುರ್ಚಿಯಿಂದ ಧುಮುಕಿ ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಸಿಕ್ಕಿಬಿದ್ಲು!" ಎಂದರು ಅಜ್ಜಿ, ನೆಲದಿಂದಲೇ.

ವಾರ್ಡನ್ ಕನ್ನಡಕ ಸರಿಪಡಿಸಿಕೊಂಡರು. ಜೀವನದಲ್ಲಿ ಮೊದಲ ಸಲ ಒಂದನೆಯ ನಿಯಮ ಮುರಿದರು. "ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು?"

"ಅಂಗಡಿಯವರು."

"ಯಾವ ಅಂಗಡಿ?"

"ಪರದೆ ಅಂಗಡಿ. ಹಾಸ್ಟೆಲ್ಲಿಗೆ ಹತ್ತು ಕಿಟಕಿ ಪರದೆ ಅಂತ ನೀವೇ ಆರ್ಡರ್ ಕೊಟ್ಟಿದ್ರಲ್ಲ, ಮೇಡಂ." ಅವಳು ಚೀಲದಿಂದ ಬಟ್ಟೆಯ ತುಂಡುಗಳನ್ನೂ ಒಂದು ಚೀಟಿಯನ್ನೂ ತೆಗೆದಳು. ಚೀಟಿಯಲ್ಲಿ ವಾರ್ಡನ್ನರದೇ ಸಹಿ. ಅದರ ಕೆಳಗೆ, ಇರಲಿ ಎಂದು, ಇನ್ನೊಂದು ಸಹಿ.

ಗುರುವಾರ, ನಾಲ್ಕು ಗಂಟೆ, ನೀಲಿ ಚೀಲ. ಆವತ್ತು ಬಾಗಿಲಲ್ಲಿ ನಿಂತು "ನಾನು ಅಳತೆಗೆ..." ಎಂದು ಶುರುಮಾಡಿದ್ದವಳನ್ನು ವಾರ್ಡನ್ ತಬ್ಬಿಕೊಂಡು ಒಳಗೆ ಎಳೆದುಕೊಂಡಿದ್ದರು. "ಏನೂ ಹೇಳ್ಬೇಡಿ. ನಂಗೆಲ್ಲಾ ಗೊತ್ತು. ಇಲ್ಲಿ ನಿಮ್ಮ ಮೇಲೆ ಯಾರೂ ಕೈ ಮಾಡಲ್ಲ." ಆಮೇಲೆ ಬಿಸಿ ಹಾಲು, ಹೊಸ ಹಾಸಿಗೆ. ಆಮೇಲೆ ಆರು ದಿನ, ನಿಯಮದ ಪ್ರಕಾರ, ಒಬ್ಬರೂ ಅವಳನ್ನು ಏನೂ ಕೇಳಿರಲಿಲ್ಲ.

ಅಜ್ಜಿ ಬಿಕ್ಕಳಿಕೆ ಬರುವಷ್ಟು ನಕ್ಕರು. ನರ್ಸ್ ಓಡಿಹೋಗಿ ಮಗಳ ಬಟ್ಟೆಗಳನ್ನು ಚೀಲದಿಂದ ಮಂಚದ ಮೇಲೆ ಸುರಿದು ಬಂದಳು. ವಾರ್ಡನ್‌ಗೆ ಮಾತ್ರ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿತು.

"ಅಯ್ಯೋ, ತಪ್ಪಾಯ್ತಮ್ಮ! ಮನೇಲಿ ಎಷ್ಟು ಹುಡುಕ್ತಿದಾರೋ ಏನೋ. ನಡೀರಿ, ಈಗಲೇ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ."

ಪರದೆಯವಳು ಕದಲಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಹತ್ತು ಕಿಟಕಿ ಅಳೆಯೋಕೆ ಆರು ದಿನ ಬೇಕೇನೇ ತಾಯಿ?" ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಕೇಳಿದರು. "ಮೊದಲೇ ಬಾಯಿಬಿಡೋಕೆ ಏನಾಗಿತ್ತು?"

"ಒಂದು ಗಂಟೆ ಸಾಕು ಅಜ್ಜಿ." ಅವಳು ಬಲತೋಳಿನ ಗುಂಡಿ ಬಿಚ್ಚಿ, ಮೊಣಕೈಯವರೆಗೆ ಸರಿಸಿದಳು. ಮುಂಗೈ ತುಂಬ ಹಳದಿಗಟ್ಟಿದ ಬಾಸುಂಡೆಗಳು. ಅಜ್ಜಿಯ ಬಿಕ್ಕಳಿಕೆ ಅಲ್ಲಿಗೇ ನಿಂತಿತು.

"ಆವತ್ತಿಂದ ಒಂದೇ ಯೋಚನೆ, ಮೇಡಂ," ಎಂದಳು ವಾರ್ಡನ್ ಕಡೆ ತಿರುಗಿ. "ಬಾಗಿಲು ತೆಗೆದ ತಕ್ಷಣ ನಿಮಗೆ ಹೇಗೆ ಗೊತ್ತಾಯ್ತು?"