ಹಸಿಂತೊಗೊಂದು ಹಾಡು

"ಗಂಡನ ಹೆಸರು ಹೇಳೋಕೆ ಎಂಥ ನಾಚಿಕೆಯೇ ನಿಂಗೆ?" ಒತಿಲಿಯಾ ಮೈಕಿನ ಮುಂದೆ ನಕ್ಕಳು. ತೋಟದ ಕೂಲಿಗಳ ಸ್ಪ್ಯಾನಿಷ್ ರೇಡಿಯೊದಲ್ಲಿ ಬೆಳಗಿನ ಹುಟ್ಟುಹಬ್ಬದ ಹಾಡುಗಳ ಕಾರ್ಯಕ್ರಮ ಅವಳದು. ಮೆಕ್ಸಿಕೊದಿಂದ ಗಡಿ ದಾಟಿ ಬಂದು ಈ ಕಣಿವೆಯಲ್ಲಿ ಸೇಬು ಕೀಳುವವರೆಲ್ಲ ಏಣಿಗೆ ರೇಡಿಯೊ ನೇತುಹಾಕಿಕೊಂಡು ಅವಳ ಕೀಟಲೆ ಕೇಳುತ್ತಿದ್ದರು.

"ಹಸಿಂತೊ, ಅಕ್ಕಾ," ಎಂದಳು ಫೋನಿನಲ್ಲಿದ್ದ ಫಿದೇಲಾ. "ಇವತ್ತಿಗೆ ನಲವತ್ತು ತುಂಬ್ತು."

"ನಲವತ್ತಾ! ಇನ್ನೂ ಏಣಿ ಹತ್ತಿಸ್ತಿದೀಯಲ್ಲೇ ಪಾಪದವನನ್ನ. ಎಲ್ಲಿದಾನೆ ಇವತ್ತು? ಹೇಳು, ಜೊತೆಯವರು ತಲೆ ಮೇಲೆ ಮೊಟ್ಟೆ ಒಡೀಲಿ."

"ಕಾಲುವೆ ಪಕ್ಕದ ತೋಟ. ಕೆಂಪು ಶೆಡ್ಡಿದೆಯಲ್ಲ, ಅದರ ಹಿಂದೆ."

"ಕೇಳಿದ್ರೇನ್ರಪ್ಪಾ? ಕೆಂಪು ಶೆಡ್ಡಿನ ಹಿಂದೆ! ಯಾರೂ ಬಿಡಬೇಡಿ ಅವನನ್ನ!"

ಊಟದ ಹೊತ್ತಿಗೆ ಕೆಂಪು ಶೆಡ್ಡಿನ ಹಿಂದೆ ವಲಸೆ ಪೊಲೀಸರ ವ್ಯಾನು ಬಂದು ನಿಂತಿತು. ಕಾಗದಪತ್ರ ಇಲ್ಲದವರನ್ನೆಲ್ಲ ತುಂಬಿಕೊಂಡು ಹೋಯಿತು. ಹಸಿಂತೊನನ್ನು ವ್ಯಾನಿಗೆ ತಳ್ಳುವಾಗ ಅವನ ಕೂದಲಿಗೆ ಹತ್ತಿದ್ದ ಮೊಟ್ಟೆ ಇನ್ನೂ ಒಣಗಿರಲಿಲ್ಲವಂತೆ. ರೇಡಿಯೊ ಕೇಳಿಯೇ ಬಂದರೋ, ಮೊದಲೇ ಗೊತ್ತಿತ್ತೋ, ಹೇಳುವವರು ಯಾರು? ಅವರಲ್ಲೂ ಸ್ಪ್ಯಾನಿಷ್ ಬಲ್ಲವರಿಗೇನು ಬರವಿಲ್ಲ. ನಮ್ಮವರ ಮಕ್ಕಳೇ ಆ ಸಮವಸ್ತ್ರ ತೊಟ್ಟು ಓಡಾಡುತ್ತಾರೆ. ಆದರೆ ಕಣಿವೆಗೆಲ್ಲ ಜಾಗ ಸಾರಿದ್ದು ಒತಿಲಿಯಾಳ ಬಾಯಿಯೇ.

ಮಧ್ಯಾಹ್ನ ಫಿದೇಲಾ ರೇಡಿಯೊ ಕಚೇರಿಗೇ ಬಂದಳು. ಒತಿಲಿಯಾ ಧಡಕ್ಕನೆ ಎದ್ದು ನಿಂತಳು. "ಬೈಯೇ, ಬೇಕಾದ್ರೆ ಹೊಡಿ. ನನ್ನ ಹಾಳು ಬಾಯಿ..."

"ಬೈದ್ರೆ ಬರ್ತಾನಾ? ಕೇಳಿದ್ದು ನೀನು, ಹೇಳಿದ್ದು ನಾನು." ಫಿದೇಲಾ ಕೈಚೀಲದಿಂದ ಇನ್ಸುಲಿನ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಅವನಿಗೆ ಸಕ್ಕರೆ ಕಾಯಿಲೆ ಅಕ್ಕಾ. ಇದಿಲ್ದೆ ತಡೆಯಲ್ಲ. ಎಲ್ಲಿಗೆ ಕರ್ಕೊಂಡು ಹೋದ್ರು ಅಂತ ಕೇಳೋಕೆ ಫೋನ್ ಮಾಡಿದ್ರೆ ಒಬ್ರೂ ಎತ್ತಲ್ಲ."

"ನಾನೇನು ಮಾಡ್ಲಿ ಹೇಳೇ?"

"ಮೈಕ್ ಹಾಕು. ಅವನ ಹೆಸರು ಹೇಳು, ಔಷಧಿ ಹೆಸರು ಹೇಳು. ಬಂದು ತಗೊಂಡು ಹೋಗಿ ಅನ್ನು. ಬೆಳಿಗ್ಗೆ ಅಷ್ಟು ಚೆನ್ನಾಗಿ ಕೇಳಿಸ್ಕೊಂಡವರು ಇದನ್ನೂ ಕೇಳಿಸ್ಕೊಳ್ಳಲಿ."

ಒತಿಲಿಯಾ ಹೇಳಿದಳು. ಬೇಕರಿಯ ಎದುರು, ನೀಲಿ ಬಾಗಿಲು ಎಂದು ರೇಡಿಯೊ ಕಚೇರಿಯ ಗುರುತನ್ನೂ ಬಿಡಿಸಿ ಹೇಳಿದಳು. ಒಂದೊಂದು ಹಾಡು ಮುಗಿದಾಗಲೂ ಹೇಳಿದಳು. ನಗುತ್ತಿದ್ದ ಆ ದನಿ ಸಂಜೆಯ ಹೊತ್ತಿಗೆ ಬಿದ್ದುಹೋಗಿತ್ತು. ಈ ದೇಶಕ್ಕೆ ಬಂದಾಗಿನಿಂದ ಆ ವ್ಯಾನು ಕಂಡರೆ ಗೋಡೆ ಮರೆಗೆ ಸರಿಯುತ್ತಿದ್ದ ಫಿದೇಲಾ ಡಬ್ಬಿ ಹಿಡಿದುಕೊಂಡು ನಡುರಸ್ತೆಗೇ ಬಂದು ಅದರ ದಾರಿ ಕಾಯುತ್ತ ನಿಂತಳು.

ಈ ಸಲ ವ್ಯಾನು ಬರಲಿಲ್ಲ.